ಹಳದಿ ಚೀಟಿ

ಸಿದ್ದಮ್ಮನಿಗೆ ಹಳದಿ ಚೀಟಿ ಕೊಟ್ಟವಳು ನಾನೇ. ಕೊಡಬೇಕಾಗಿದ್ದದ್ದು ಗುಲಾಬಿ ಚೀಟಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಫಾರಂ ಮೇಲೆ, ಕಂಪ್ಯೂಟರ್ ಮೇಲೆ, ಡಾಕ್ಟರ ಮೇಲೆ ಹರಿಹಾಯುವುದನ್ನು ಓದಿ, ಪಾಪ, ಈ ಹೆಂಗಸು ನ್ಯಾಯದ ಪರ ನಿಂತವಳು ಎಂದು ನೀವು ತಿಳಿದುಕೊಂಡೀರಿ.

೧೯೯೬ನೇ ಇಸವಿ. ನಮ್ಮದು ರಾಣೆಬೆನ್ನೂರು ಕಡೆ. ಯಜಮಾನರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸವಾದ್ದರಿಂದ ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿದ್ದೆವು. ಮಗಳು ಕಾಲೇಜು ಸೇರಿದ ಮೇಲೆ ಹಗಲೆಲ್ಲ ನನಗೆ ಮನೆ ಬಿಕೋ ಎನ್ನುತ್ತಿತ್ತು. ಆಗ ಒಂದು ವೈದ್ಯಕೀಯ ಸಂಸ್ಥೆಯವರು ಮನೆ ಮನೆಗೆ ಹೋಗಿ ಮಾಹಿತಿ ಕೇಳಿ ಬರೆಯಲು ಹೆಂಗಸರು ಬೇಕೆಂದು ನೋಟಿಸ್ ಹಾಕಿದ್ದರು. ಪೀಣ್ಯದ ಸುತ್ತಮುತ್ತ ಕಾರ್ಖಾನೆಯವರು, ಕ್ವಾರ್ಟರ್ಸಿನವರು, ಹಳೆಯ ಹಳ್ಳಿಗಳವರು, ಹೀಗೆ ಮೂರು ಬಗೆಯ ಜನ ದಿನಕ್ಕೆ ಎಷ್ಟು ಮೈ ಬಗ್ಗಿಸುತ್ತಾರೆ, ಎಷ್ಟು ಹೊತ್ತು ಕೂತಿರುತ್ತಾರೆ, ಅದಕ್ಕೆ ಕಾರಣವೇನು, ಅದರಿಂದ ಅವರ ಎದೆಗೆ ಒಳ್ಳೆಯದಾಗುತ್ತದೋ ಕೆಟ್ಟದ್ದಾಗುತ್ತದೋ ಎಂದು ಅಳೆಯುವ ಕೆಲಸ. ಮೇಲ್ವಿಚಾರಣೆ ಡಾಕ್ಟರ್ ವಿನಾಯಕ್ ಅವರದು. ನಲವತ್ತು ದಾಟದ, ದನಿ ಏರಿಸದ ಮನುಷ್ಯ. ಮಧ್ಯಾಹ್ನದ ಊಟದ ನಂತರ ಕಾರಿಡಾರಿನಲ್ಲಿ ಹತ್ತು ಸುತ್ತು ನಡೆಯುತ್ತಿದ್ದರು.

ನಮ್ಮ ಬಳಿ ಇದ್ದದ್ದು ಎರಡು ಸಾಮಾನು. ಒಂದು ನಾಲ್ಕು ಪುಟದ ಫಾರಂ. ಇನ್ನೊಂದು ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಇಟ್ಟ ಹೆಜ್ಜೆಯನ್ನೆಲ್ಲ ಅದು ಎಣಿಸುತ್ತಿತ್ತು. ಹಳ್ಳಿಯವರು ಅದಕ್ಕೆ ಹೆಜ್ಜೆ ಡಬ್ಬಿ ಎಂದು ಹೆಸರಿಟ್ಟರು. ಮೂರು ದಿನ ಕಟ್ಟಿಕೊಂಡಿದ್ದು ವಾಪಸು ಕೊಡಬೇಕು. ಫಾರಂ ಮತ್ತು ಡಬ್ಬಿ ಎರಡೂ ಸೇರಿ ಒಬ್ಬರು ಚಟುವಟಿಕೆ ಉಳ್ಳವರೋ ಇಲ್ಲದವರೋ ಎಂದು ತೀರ್ಮಾನವಾಗುತ್ತಿತ್ತು.

ಚೀಟಿಯ ಲೆಕ್ಕ ಹೀಗಿತ್ತು. ಏದುಸಿರು ಬರುತ್ತದೆ ಎಂದು ಹೇಳಿದವರಲ್ಲಿ, ಮೈಮುರಿದು ದುಡಿಯುವವರಿಗೆ ಗುಲಾಬಿ ಚೀಟಿ. ದುಡಿದು ಪಳಗಿದ ಮೈಗೆ ಏದುಸಿರು ಬಂದರೆ ಎದೆಯಲ್ಲೇ ಏನೋ ತೊಂದರೆ ಇರಬೇಕು, ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಅದರಲ್ಲಿ ಬರೆದಿತ್ತು. ಕೂತೇ ಇರುವವರಿಗೆ ಹಳದಿ ಚೀಟಿ. ಕೂತು ಕೂತು ಮೈ ಜಡವಾಗಿದೆ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದು. ತರಬೇತಿಯ ದಿನ ಈ ಲೆಕ್ಕ ಕೇಳಿ ನಾನು ಎಷ್ಟು ಚೆನ್ನಾಗಿದೆಯಲ್ಲ ಎಂದು ತಲೆದೂಗಿದ್ದೆ. ನನ್ನ ಮೇಲೇ ಫಾರಂ ಪ್ರಯೋಗಿಸಿ ನೋಡಿದಾಗ ನಾನು ‘ಚಟುವಟಿಕೆ ಉಳ್ಳವಳು’ ಎಂದು ಬಂದಿತ್ತು. ಕ್ವಾರ್ಟರ್ಸಿನ ಮರಗಳ ಕೆಳಗೆ ಸಂಜೆ ಅರ್ಧ ಗಂಟೆ ಅಡ್ಡಾಡುತ್ತಿದ್ದೆನಲ್ಲ, ಅದಕ್ಕೆ.

ಸಿದ್ದಮ್ಮನ ಮನೆ ಹೊಸಪಾಳ್ಯದಲ್ಲಿ. ಬಸ್ ಸ್ಟಾಪಿನಿಂದ ಒಂದು ಮೈಲಿ. ಊರಿನ ಹೊಲಗಳೆಲ್ಲ ಕಾರ್ಖಾನೆ ಶೆಡ್‌ಗಳಾಗಿ, ಉಳಿದದ್ದು ಎರಡು ಬೀದಿ, ಒಂದು ಅರಳಿಕಟ್ಟೆ, ಅಲ್ಲಲ್ಲಿ ಕೊಟ್ಟಿಗೆ. ಅವಳ ಗಂಡ ಮುನಿಯಣ್ಣ ಒಂದು ಶೆಡ್ಡಿನ ವಾಚ್‌ಮನ್. ಆ ಶೆಡ್ಡು ನಿಂತಿದ್ದೇ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ನಾನು ಹೋದ ದಿನ ಅವನು ಜಗಲಿ ಮೇಲೆ ಕೂತು ಎಲ್ಲಾ ಪ್ರಶ್ನೆಗೂ ಠಾಕುಠೀಕಾಗಿ ಉತ್ತರ ಕೊಟ್ಟ. ದಿನಕ್ಕೆ ಆರು ಸಲ ಕಾಂಪೌಂಡ್ ಸುತ್ತುತ್ತೇನೆ ಎಂದ. ಅವನಿಗೆ ಒಳ್ಳೆಯ ಅಂಕ ಬಂತು.

ಆಮೇಲೆ ಸಿದ್ದಮ್ಮನನ್ನು ಕೇಳಿದೆ. ಮೂವತ್ತೆಂಟು ವರ್ಷದ ಹೆಂಗಸು, ಸಣಕಲು ಮೈ, ಕೆನ್ನೆಯ ಮೇಲೆ ಒಂದು ಬಗೆಯ ಕೆಂಪು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

“ಏನು ಕೆಲಸ ಮಾಡ್ತೀರಿ?”

“ಏನೂ ಇಲ್ಲ ಕಣಮ್ಮ. ಸುಮ್ಕೆ ಮನೇಲಿ ಇವ್ನಿ.”

ಹೀಗೆ ಹೇಳುವಾಗ ಅವಳ ಎರಡು ಕೈಯೂ ಸಗಣಿಯಲ್ಲಿದ್ದವು. ಬೆರಣಿ ತಟ್ಟುತ್ತಿದ್ದಳು. ನಾನು ಕಣ್ಣಾರೆ ನೋಡಿದೆ, ನೋಡಿ ಫಾರಂನಲ್ಲಿ ‘ಕೆಲಸ ಇಲ್ಲ’ ಎಂದು ಬರೆದೆ. ಏಕೆಂದರೆ ಫಾರಂ ಕೇಳಿದ್ದು ಉದ್ಯೋಗ ಏನು ಎಂದು, ಮತ್ತು ಅವಳು ಕೊಟ್ಟ ಉತ್ತರ ಅದು.

“ವ್ಯಾಯಾಮ ಏನಾದ್ರೂ ಮಾಡ್ತೀರಾ? ಆಟಗೀಟ?”

ಅವಳು ಸಗಣಿ ಕೈಯನ್ನು ಆಚೆ ಹಿಡಿದು, ಮೊಣಕೈಯಿಂದ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. “ಕುಂಟೆಬಿಲ್ಲೆ ಆಡ್ತಿದ್ದೆ, ಮೈನೆರೆಯಾಗಂಟ.”

“ಏದುಸಿರು ಬರುತ್ತಾ?”

“ಒಸಿ ಬತ್ತದೆ. ಚಿಕ್ಕೋಳಾಗಿದ್ದಾಗ ಕೀಲೆಲ್ಲ ಊದ್ಕಂಡು ಜ್ವರ ಬಂದಿತ್ತು. ಆವತ್ನಿಂದ್ಲೂ ಅಂಗೇಯ.”

ಏದುಸಿರು: ಹೌದು. ಜ್ವರದ ಮಾತು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ. ನಾನೂ ಅಂಚಿನಲ್ಲಿ ಬರೆಯುವ ತೊಂದರೆ ತೆಗೆದುಕೊಳ್ಳಲಿಲ್ಲ.

ಡಬ್ಬಿ ಕೊಡುವಾಗ ಆಫೀಸಿನಲ್ಲಿ ಹೇಳಿಕೊಟ್ಟದ್ದನ್ನು ಗಿಳಿಪಾಠ ಒಪ್ಪಿಸಿದೆ. ಸ್ವಲ್ಪ ಜೋರು ಮಾಡಿಯೇ ಹೇಳಿದೆ ಎನ್ನಬೇಕು. “ಫಾರಿನ್‌ದು ಇದು. ನೀರು ತಾಗಿದ್ರೆ ಕೆಟ್ಟೋಗುತ್ತೆ. ಜೋಪಾನ.” ಅವಳು ಕೈ ತೊಳೆದು, ಒರೆಸಿಕೊಂಡು, ಪ್ರಸಾದ ತೆಗೆದುಕೊಳ್ಳುವವಳ ಹಾಗೆ ಎರಡೂ ಕೈ ಚಾಚಿ ಈಸಿಕೊಂಡಳು.

ಮೂರು ದಿನ ಬಿಟ್ಟು ಹೋದಾಗ ಮನೆಗೆ ಬೀಗ. ಪಕ್ಕದ ಮನೆಯ ರುದ್ರಮ್ಮ ಡಬ್ಬಿ ತಂದು ಕೊಟ್ಟಳು. “ಉಲ್ ಕುಯ್ಯಾಕೆ ವೋಗವ್ಳೆ. ಬತ್ತಾಳೆ ಕುಂತ್ಕಳಿ” ಎಂದಳು. ನಾನು ಕೂರಲಿಲ್ಲ. ಬಿಸಿಲು ಸುಡುತ್ತಿತ್ತು. ಡಬ್ಬಿಯ ಮೇಲೆ ಅರಿಶಿನ ಕುಂಕುಮದ ಬೊಟ್ಟಿತ್ತು. ಕರ್ಚೀಫಿನಿಂದ ಒರೆಸಿ, ಬಸ್ ಸ್ಟಾಪಿಗೆ ನಡೆದು ಬಂದು, ನೆರಳಲ್ಲಿ ಕೂತು ನೋಡಿದೆ. ಮೂರು ದಿನಕ್ಕೆ ಇನ್ನೂರ ಹನ್ನೆರಡು ಹೆಜ್ಜೆ.

ಅಷ್ಟು ಕಡಿಮೆ ಬಂದರೆ ಏನು ಮಾಡಬೇಕು ಎಂಬ ನಿಯಮ ಇತ್ತು. ಡಬ್ಬಿ ಕಟ್ಟಿಕೊಂಡಿದ್ದರೋ ಇಲ್ಲವೋ ಎಂದು ಆ ಮನುಷ್ಯರನ್ನೇ ಕೇಳಬೇಕು, ಅನುಮಾನ ಬಂದರೆ ಮತ್ತೆ ಮೂರು ದಿನ ಕೊಡಬೇಕು. ಫಾರಂನ ಕೊನೆಯಲ್ಲಿ ‘ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ’ ಎಂಬ ಚೌಕ. ಅದರಲ್ಲಿ ಟಿಕ್, ಕೆಳಗೆ ಸಹಿ. ಏನೂ ಕೆಲಸವಿಲ್ಲದವಳು ಹುಲ್ಲು ಕೊಯ್ಯಲು ಹೋಗಿದ್ದಾಳೆ ಎಂಬುದನ್ನು ಕಿವಿಯಾರೆ ಕೇಳಿ ಬಂದಿದ್ದೆ. ಆದರೆ ಮತ್ತೆ ಒಂದು ಮೈಲಿ ಒಳಗೆ ನಡೆಯಬೇಕು, ಒಂದು ಮೈಲಿ ವಾಪಸು ಬರಬೇಕು. ಟಿಕ್ ಹಾಕಿದೆ. ‘ಅನುಸೂಯಮ್ಮ’ ಎಂದು ದುಂಡಗೆ ಸಹಿ ಮಾಡಿದೆ. ಅಷ್ಟರಲ್ಲಿ ಬಸ್ಸೂ ಬಂತು. ಇಡೀ ಹೊಸಪಾಳ್ಯದಲ್ಲಿ ಅವತ್ತು ಸೋಮಾರಿಯಾಗಿದ್ದವಳು ಯಾರಾದರೂ ಇದ್ದರೆ ಅದು ನಾನು.

ಹದಿನೈದು ದಿನಕ್ಕೆ ಕಂಪ್ಯೂಟರಿನಿಂದ ಹಳದಿ ಚೀಟಿ ಹೊರಬಿತ್ತು. ಕೊಡಲು ಹೋದಾಗ ಮುನಿಯಣ್ಣ ಮನೆಯಲ್ಲಿದ್ದ. ಸಿದ್ದಮ್ಮನಿಗೆ ಓದು ಬರದು, ಅವನೇ ಗಟ್ಟಿಯಾಗಿ ಓದಿದ. “ನೀವು ದೈಹಿಕ ಚಟುವಟಿಕೆ ಇಲ್ಲದವರು.” ಸಿದ್ದಮ್ಮ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ನೆಲ ನೋಡಿದಳು. ಮುನಿಯಣ್ಣ ಚೀಟಿಯ ಕೆಳಗಿನ ಸಂಸ್ಥೆಯ ಮೊಹರನ್ನು ಬೆರಳಿನಿಂದ ಸವರಿ, “ನಡೆಸ್ತೀನಿ ಬುಡಿ ಮೇಡಂ. ನನ್ನ ಜವಾಬ್ದಾರಿ” ಎಂದ.

ಮೂರು ತಿಂಗಳ ನಂತರ ಎರಡನೇ ಸುತ್ತು. ಕಾರ್ಖಾನೆಯವರು ಶಿಫ್ಟಿಗೆ ಹೊರಡುವ ಮುಂಚೆ ಸಿಗಲಿ ಎಂದು ಆ ಮಂಗಳವಾರ ಬೆಳಗ್ಗೆ ಆರೂವರೆಗೇ ಹೊಸಪಾಳ್ಯದಲ್ಲಿದ್ದೆ. ಶೆಡ್ಡಿನ ಕಾಂಪೌಂಡ್ ಗೋಡೆಯ ಪಕ್ಕ ಇಬ್ಬರು ಬರುತ್ತಿದ್ದರು. ಮುಂದೆ ಸಿದ್ದಮ್ಮ, ಮೊಣಕಾಲ ತನಕ ಒದ್ದೆಯಾದ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಎರಡು ಹೆಜ್ಜೆ ಹಿಂದೆ ಮುನಿಯಣ್ಣ, ಕೈಯಲ್ಲಿ ಬಿಚ್ಚಿ ಹಿಡಿದ ವಾಚು.

“ನಡಿ, ನಡಿ. ಇನ್ನ ಏಳು ನಿಮಿಸ ಐತೆ.”

ನನ್ನನ್ನು ನೋಡಿ ಇಬ್ಬರ ಮುಖವೂ ಅರಳಿತು. “ಸಂತೇಲಿ ಬೂಟು ಕೊಡಿಸ್ದೆ ಮೇಡಂ. ಬರಿಗಾಲಲ್ಲಿ ಬಿರುಸಾಗಿ ನಡೆಯಕ್ಕಾಗಕಿಲ್ಲ ಅಂತ” ಎಂದ ಮುನಿಯಣ್ಣ. ಸಿದ್ದಮ್ಮನಿಗೆ ಮಾತಾಡಲು ಉಸಿರಿರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತು, ಸುಧಾರಿಸಿಕೊಂಡು, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಹೇಳಿದಳು. “ಅಸ ಈದಾಗ ಎಳ್ಡು ದಿನ ತಪ್ತು ಕಣಮ್ಮ. ಇಲ್ದಿದ್ರೆ ಒಂದ್ ದಿನಾನೂ ಬುಟ್ಟಿಲ್ಲ.”

ಶೂವಿನ ಅಂಚಿನಿಂದ ಅವಳ ಪಾದ ಉಬ್ಬಿ ಹೊರಗೆ ಬಂದಿತ್ತು. ಬೆರಳಿಟ್ಟು ಒತ್ತಿದೆ. ಗುಳಿ ಬಿತ್ತು, ಬಿದ್ದ ಗುಳಿ ಹಾಗೇ ನಿಂತಿತು.

“ಸೀರೆ ಯಾಕೆ ಒದ್ದೆ?”

“ನೀರು ತಂದು ಬಂದ್ನಲ್ಲಮ್ಮ. ಬೋರ್‌ವೆಲ್ ತಾವ.”

“ಎಷ್ಟು ಕೊಡ?”

“ಅದ್ನ ಯಾರು ಎಣಿಸ್ತಾರೆ. ಎರಡು ಅಸ, ಒಂದು ಕರ, ನಮ್ಮನೆಗೆ, ಬಾಡಿಗೆ ಮನೆ ಎಳ್ಡಕ್ಕೆ. ಒಂದಿಪ್ಪತ್ತು ಆಗ್ಬೋದು.”

“ಮತ್ತೆ ನೀವು ಏನೂ ಕೆಲಸ ಇಲ್ಲ ಅಂದ್ರಿ?”

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಇದು ಬದ್ಕಲ್ವಾ ಅಮ್ಮ. ಕೆಲ್ಸ ಅಂದ್ರೆ ಇವ್ರಂಗೆ ವೋಗಿ ಬರಾದು.”

“ಡಬ್ಬಿ ಕಟ್ಕೊಂಡಿರ್ಲಿಲ್ವಾ?”

“ನೀವೇ ಏಳಿದ್ರಲ್ಲ, ನೀರು ತಾಗಬಾರ್ದು ಅಂತ. ನಂದು ಎದ್ದಾಗ್ಲಿಂದ ನೀರಾಗೇ ಬದ್ಕು. ಅದ್ಕೆ ದೇವ್ರ ಗೂಡಲ್ಲಿ ಮಡಗಿದ್ದೆ. ಸುಕ್ರವಾರ ಅರಿಸ್ನ ಕುಂಕುಮ ಇಕ್ಕಿ, ಒಸಿ ಒತ್ತು ಕಟ್ಕಂಡು, ತಿರ್ಗ ಮಡಗ್ದೆ. ಜೋಪಾನ ಅಂದಿದ್ರಲ್ಲ.”

ನಡೆಯುವುದನ್ನು ಇವತ್ತೇ ನಿಲ್ಲಿಸಿ, ನೀರು ಹೊರಬೇಡಿ, ಡಾಕ್ಟರಿಗೆ ತೋರಿಸೋಣ ಎಂದು ಇಬ್ಬರಿಗೂ ಕೈ ಮುಗಿದು ಹೇಳಿದೆ. ಮುನಿಯಣ್ಣ ತಲೆ ಕೆರೆದುಕೊಂಡ. “ಚೀಟಿಲಿ ನಡೀರಿ ಅಂತ ಐತಲ್ಲ ಮೇಡಂ?” ಎಂದ. ನಾನು ಬಾಯಲ್ಲಿ ಹೇಳುತ್ತಿದ್ದೆ, ಚೀಟಿಗೆ ಮೊಹರಿತ್ತು. ಚೀಟಿ ತಪ್ಪು ಎಂದು ಹೇಳಿದ್ದರೆ ನಂಬುತ್ತಿದ್ದನೇನೋ. ಹಾಗೆ ಹೇಳಲು ಬಾಯಿ ಬರಲಿಲ್ಲ.

ಆಫೀಸಿಗೆ ಹೋಗಿ ಡಾಕ್ಟರ್ ವಿನಾಯಕ್ ಎದುರು ನಿಂತೆ. ಏದುಸಿರು ಜಾಸ್ತಿಯಾಗಿದೆ, ಕಾಲು ಊದಿದೆ ಎಂದೆ. ಅವರು ಸಿದ್ದಮ್ಮನ ಫಾರಂ ತೆಗೆಸಿ ನೋಡಿದರು.

“ಮೂರು ದಿನಕ್ಕೆ ಇನ್ನೂರ ಹನ್ನೆರಡು ಸ್ಟೆಪ್ಸ್. ಕಂಪ್ಲೀಟ್ಲಿ ಇನ್‌ಆಕ್ಟಿವ್. ಇಂಥವರು ಸಡನ್ನಾಗಿ ನಡೆಯೋಕೆ ಶುರು ಮಾಡಿದ್ರೆ ಮೊದ್ಲು ಹಾಗೇ ಆಗುತ್ತೆ, ಅನುಸೂಯಮ್ಮ. ರಕ್ತಾನೂ ಕಮ್ಮಿ ಇರಬಹುದು. ಮುಂದಿನ ಗುರುವಾರ ಕ್ಯಾಂಪ್ ಇದೆಯಲ್ಲ, ಕರ್ಕೊಂಡ್ಬನ್ನಿ, ನೋಡೋಣ.”

ಆ ಟಿಕ್ ಸುಳ್ಳು ಸಾರ್, ಅವಳು ಇಪ್ಪತ್ತು ಕೊಡ ನೀರು ಹೊರುತ್ತಾಳೆ ಎಂದು ನಾನು ಅಲ್ಲೇ ಹೇಳಬೇಕಿತ್ತು. ಹೇಳಿದ್ದರೆ ಅವತ್ತೇ ಜೀಪು ಕಳಿಸುತ್ತಿದ್ದರು. ಅಷ್ಟರ ಮಟ್ಟಿಗೆ ಅವರು ಒಳ್ಳೆಯವರು. ಟಿಕ್ ಸುಳ್ಳು ಎಂದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ, ಜೊತೆಯ ಹೆಂಗಸರ ಮುಂದೆ ಮುಖ ಎತ್ತಿ ತಿರುಗುವುದು ಹೇಗೆ ಎಂದು ಯೋಚಿಸಿದೆ. ಒಂಬತ್ತು ದಿನ ತಾನೇ, ಎಂದೂ ಅಂದುಕೊಂಡೆ.

ಸಿದ್ದಮ್ಮ ಆರನೇ ದಿನ ಹೋದಳು. ಸೋಮವಾರ ಬೆಳಗ್ಗೆ ನೀರೆಲ್ಲ ತುಂಬಿಸಿ, ಶೂ ಹಾಕಿಕೊಂಡು, ಅದೇ ಗೋಡೆಯ ಪಕ್ಕ ನಡೆಯುವಾಗ ಕೂತುಕೊಂಡಳಂತೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಚಿಕ್ಕಂದಿನ ಜ್ವರ ಎದೆಯ ಕವಾಟವನ್ನು ಹಾಳು ಮಾಡಿತ್ತು, ತುಂಬಾ ಹಳೆಯ ಕಾಯಿಲೆ, ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ.

ಹನ್ನೊಂದನೆಯ ದಿನ ಹೋದೆ. ಮುನಿಯಣ್ಣ ತಲೆ ಬೋಳಿಸಿಕೊಂಡು ಜಗಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿದವನೇ ಎದ್ದು ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

“ಅಸ ಈದಾಗ ಎಳ್ಡು ದಿನ ತಪ್ಪಿಸಿಬುಟ್ಟೆ ಮೇಡಂ” ಎಂದ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. “ನಾನೇ ಓಗ್ಲಿ ಬುಡು ಅಂದೆ. ಇನ್ನೂ ಒಸಿ ಮುಂಚಿಂದ ನಡೆಸಿದ್ರೆ ಉಳ್ಕತಿದ್ಲೇನೋ.”

ನಾನು ಬಾಯಿ ತೆರೆದೆ. ಸುತ್ತ ನೆಂಟರಿದ್ದರು, ರುದ್ರಮ್ಮ ಇದ್ದಳು. “ಸಮಾಧಾನ ಮಾಡ್ಕೊಳ್ಳಿ” ಎಂದು ಹೇಳಿ ಬಂದುಬಿಟ್ಟೆ. ನನ್ನ ಜೀವನದಲ್ಲಿ ನಾನು ಆಡಿದ ಅತ್ಯಂತ ಹೇಯವಾದ ಮಾತು ಅದು.

ವರ್ಷದ ಕೊನೆಗೆ ಆಫೀಸಿನಲ್ಲಿ ಸಭೆ ಸೇರಿತು. ದೆಹಲಿಯಿಂದ ಇಬ್ಬರು ಬಂದಿದ್ದರು. ಡಾಕ್ಟರ್ ವಿನಾಯಕ್ ಗೋಡೆಯ ಮೇಲೆ ಒಂದೊಂದೇ ಪಟ್ಟಿ ಬೆಳಗಿಸಿ ತೋರಿಸುತ್ತಿದ್ದರು. ಹಳ್ಳಿಯ ಹೆಂಗಸರಲ್ಲಿ ನೂರಕ್ಕೆ ಅರವತ್ತು ಮಂದಿ ಚಟುವಟಿಕೆ ಇಲ್ಲದವರು, ಇದು ಅಚ್ಚರಿಯ ಸಂಗತಿ ಎಂದರು. ಹೊಲ ಹೋದ ಮೇಲೆ ಹೆಂಗಸರಿಗೆ ಕೆಲಸವಿಲ್ಲದಂತಾಗಿರಬಹುದು ಎಂದು ಕಾರಣವನ್ನೂ ಕೊಟ್ಟರು. ಮುಂದಿನ ಪಟ್ಟಿಯಲ್ಲಿ ಸಾವುಗಳಿದ್ದವು. ಚಟುವಟಿಕೆ ಉಳ್ಳವರಲ್ಲಿ ಎದೆಯ ಕಾಯಿಲೆಯಿಂದ ಸತ್ತವರು ಸೊನ್ನೆ. ಇಲ್ಲದವರಲ್ಲಿ ಒಂದು.

“ಒಂದೇ ಸಾವು, ಇದ್ರಿಂದ ಏನೂ ಪ್ರೂವ್ ಆಗಲ್ಲ, ನಿಜ” ಎಂದರು ವಿನಾಯಕ್. “ಆದ್ರೆ ದಿಕ್ಕು ನಮಗೆ ಗೊತ್ತಿರೋದೇ.”

ಆ ಒಂದು ಎಂಬ ಅಂಕಿ ಗೋಡೆಯ ಮೇಲೆ ನನ್ನ ಅಂಗೈಯಷ್ಟು ದೊಡ್ಡದಾಗಿತ್ತು. ಅದು ಸಿದ್ದಮ್ಮ. ಕೂತೇ ಇದ್ದರೆ ಸಾಯುತ್ತೀರಿ ಎಂಬುದಕ್ಕೆ ಸಾಕ್ಷಿಯಾಗಿ ಅವಳನ್ನು ನಿಲ್ಲಿಸಿದ್ದರು. ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

“ಆಕಿ ಕುಂತಿರ್ಲಿಲ್ರೀ ಸಾರ್” ಎಂದೆ. ಸಿಟ್ಟು ಬಂದಾಗ ನನಗೆ ಊರಿನ ಮಾತೇ ಬರುವುದು. “ಆಕಿ ಒಂದು ದಿನಾನೂ ಕುಂತಾಕಿ ಅಲ್ಲ.”

ಎಲ್ಲವನ್ನೂ ಹೇಳಿದೆ. ನೀರು, ಹಸು, ಹುಲ್ಲು, ದೇವರ ಗೂಡು. ಬಸ್ ಸ್ಟಾಪಿನ ನೆರಳನ್ನೂ ಬಿಡಲಿಲ್ಲ. ವಿನಾಯಕ್ ಫಾರಂ ತರಿಸಿ ಮೇಜಿನ ಮೇಲಿಟ್ಟರು.

“ಈ ಟಿಕ್ ನಿಮ್ಮದಾ?”

“ಹೌದು ಸಾರ್. ಸುಳ್ಳು ಟಿಕ್.”

ಅವರು ಫಾರಂ ಮಗುಚಿಟ್ಟರು. ಆಮೇಲೆ, ಎಲ್ಲರ ಎದುರಿಗೆ, ದನಿ ಏರಿಸದೆ ಕೇಳಿದರು. “ಇಂಥವು ಎಷ್ಟಿವೆ ಅನುಸೂಯಮ್ಮ?”

“ನಲವತ್ತೊಂದು.”

ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಳತೆ ತಪ್ಪಿದ್ದು ನಿಮ್ಮ ಟಿಕ್‌ಗಳಿಂದ ಮಾತ್ರ ಅಲ್ಲ, ನಾನು ಬರೆದ ಪ್ರಶ್ನೆಯಿಂದಲೂ ಹೌದು ಎಂದರು. ಪಟ್ಟಿಯನ್ನು ವಾಪಸು ಪಡೆದರು. ಹೊಸ ಫಾರಂ ಬಂತು. ಅದರಲ್ಲಿ ಉದ್ಯೋಗ ಏನು ಎಂದು ಮೊದಲು ಕೇಳುವುದಿಲ್ಲ. ಮೊದಲನೆಯ ಪ್ರಶ್ನೆ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು. ಅಲ್ಲಿಂದ ಮಲಗುವವರೆಗೆ, ಆಮೇಲೆ ಏನು, ಆಮೇಲೆ ಏನು ಎಂದು ಕೇಳುತ್ತಾ ಹೋಗಬೇಕು. ನಲವತ್ತೊಂದು ಮನೆಗೂ ನಾನೇ ಹೋಗಬೇಕೆಂದು ತೀರ್ಮಾನವಾಯಿತು. ನಲವತ್ತೊಂದರಲ್ಲಿ ಕೇಳಬೇಕಾದವಳೇ ಇಲ್ಲದ ಮನೆ ಒಂದು. ನಾನು ಮೊದಲು ಅಲ್ಲಿಗೆ ಹೋದೆ.

ಮುನಿಯಣ್ಣ ಹಸುವಿಗೆ ನೀರು ಕುಡಿಸುತ್ತಿದ್ದ. ಅಂಗಳ ಗುಡಿಸಿ ದಿನವಾಗಿತ್ತು. ನಿಂತಲ್ಲೇ ಹೇಳಿದೆ. ಚೀಟಿ ತಪ್ಪು, ತಪ್ಪು ಮಾಡಿದವಳು ನಾನು, ಅವಳನ್ನು ನಡೆಸಬಾರದಿತ್ತು, ಆಸ್ಪತ್ರೆಗೆ ಕಳಿಸಬೇಕಿತ್ತು. ನೀವು ಎರಡು ದಿನ ತಪ್ಪಿಸಿದ್ದರಿಂದ ಏನೂ ಆಗಲಿಲ್ಲ, ಅವಳಿಗೆ ಸಿಕ್ಕ ಬಿಡುವು ಅದೆರಡೇ ದಿನ.

ಅವನು ಬಕೆಟ್ ಕೆಳಗಿಟ್ಟ. ಒಳಗೆ ಹೋದ. ದೇವರ ಗೂಡಿನಿಂದ ಹಳದಿ ಚೀಟಿ ತಂದು ನನ್ನ ಮುಂದೆ ಹಿಡಿದ.

“ಅಂಗಾರೆ, ಅವ್ಳು ಏನೂ ಮಾಡ್ತಿರ್ಲಿಲ್ಲ ಅಂತ ಇದ್ರಾಗೆ ಬರ್ದಿರಾದು?”

“ತಪ್ಪು.”

“ಮೂರು ತಿಂಗ್ಳು ನಾನು ಇದ್ನ ನಂಬಿದ್ದೆ ಮೇಡಂ. ದಿನಾ ಇದ್ನೇ ಓದಿ ಅವ್ಳನ್ನ ಎಬ್ಬಿಸ್ಕಂಡು ವೋಗಿವ್ನಿ.” ಚೀಟಿಯನ್ನು ನನ್ನ ಕೈಗಿಟ್ಟ. “ಸರಿಯಾಗಿ ಬರ್ದುಕೊಡಿ. ಮೊಹರು ಆಕ್ಸಿ ಕೊಡಿ. ಗೂಡಲ್ಲಿ ಇಕ್ತೀನಿ.”

ಜಗಲಿಯ ಮೇಲೆ ಕೂತೆ. ಚೀಲದಿಂದ ಹೊಸ ಫಾರಂ ತೆಗೆದೆ. ಹೆಸರಿನ ಜಾಗದಲ್ಲಿ ಸಿದ್ದಮ್ಮ ಎಂದು ಬರೆದೆ. ಅವನೂ ಎದುರಿಗೆ ಕುಕ್ಕರಗಾಲಲ್ಲಿ ಕೂತ.

“ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತಿದ್ರು?”

ತಲೆಯೆತ್ತಿ ನೋಡಿದೆ. ಅವನು ಹಸುವಿನ ಕಡೆ ನೋಡುತ್ತಿದ್ದ.

“ನಾ ಏಳೋವೊತ್ಗೆ ಎದ್ದಿರೋಳು” ಎಂದ.

“ಮಲಗ್ತಿದ್ದದ್ದು?”

“ನಾ ಮಲಗಿದ್ ಮ್ಯಾಕೆ.”

ಪೆನ್ನು ಹಿಡಿದು ಕಾದೆ. ಅವನು ಟವಲಿನಿಂದ ಮುಖ ಒರೆಸಿಕೊಂಡ. ಎದ್ದು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತ.

“ರುದ್ರಮ್ಮ, ಒಸಿ ಬಾರವ್ವ ಈಚೆಗೆ” ಎಂದು ಕೂಗಿದ. “ನಮ್ಮ ಸಿದ್ದಿ ಎಷ್ಟೊತ್ಗೆ ಏಳೋಳು ಅಂತ ಮೇಡಂ ಕೇಳ್ತಾವ್ರೆ.”